ಹಸಿವೇ ಕಸುಬು: ಮಸಾಯುಕಿ ಕುಸುಮಿ ಅವರಿಂದ ಕಲಿಯಬಹುದಾದ ಸೂತ್ರಗಳು

ಊಟ, ಕುಡಿತದ ಬಗ್ಗೆಯೇ ಬರೆದು ಹೆಸರು ಮಾಡಿದ ಮಂಗಾ (ಜಪಾನಿ ಕಾಮಿಕ್ಸ್) ಕಥೆಗಾರರು ಜಪಾನಿನಲ್ಲಿ ಹಲವರಿದ್ದಾರೆ. ಅಲ್ಲಿ ಎಷ್ಟೋ ಮಂಗಾಗಳಿಗೆ ಕಥೆ ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇನ್ನೊಬ್ಬರು. ಮುಖಪುಟದಲ್ಲಿ ಇಬ್ಬರ ಹೆಸರೂ ಇರುತ್ತದೆ. ಈ ಕಥೆಗಾರರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟವಾದವರು ಮಸಾಯುಕಿ ಕುಸುಮಿ. 1958ರಲ್ಲಿ ಟೋಕಿಯೊದ ಮಿತಾಕಾದಲ್ಲಿ ಹುಟ್ಟಿದವರು. ಅವರ ‘ಕೊದೊಕು ನೊ ಗುರುಮೆ’ ಮಂಗಾದಲ್ಲಿ ಒಬ್ಬ ಗಂಡಸು ಕೆಲಸದ ನಡುವೆ ಹಸಿಯುತ್ತಾನೆ, ಹೋಟೆಲು ಹುಡುಕುತ್ತಾನೆ, ಒಬ್ಬನೇ ಉಂಡು ಎದ್ದು ಹೋಗುತ್ತಾನೆ. ಕಥೆ ಅಷ್ಟೇ. ಆ ಅಷ್ಟರಿಂದಲೇ ಎರಡು ಪುಸ್ತಕ, ಹಲವು ಸೀಸನ್ನಿನ ಟೀವಿ ಧಾರಾವಾಹಿ, 2025ರಲ್ಲಿ ಒಂದು ಸಿನಿಮಾ ಬಂದವು. ಬರವಣಿಗೆಯನ್ನು ನಂಬಿ ಬದುಕಬೇಕೆನ್ನುವವರು ಈ ಮನುಷ್ಯನ ದಾರಿಯನ್ನು ನೋಡಲೇಬೇಕು.

1. ಚಿಕ್ಕದನ್ನು ಹಿಡಿಯಿರಿ, ಹಿಡಿದ ಮೇಲೆ ಬಿಡಬೇಡಿ

ಕುಸುಮಿ ಅವರ ಮೊದಲ ಕಥೆ ಬಂದದ್ದು 1981ರಲ್ಲಿ, ‘ಗಾರೋ’ ಎಂಬ ಮಾಸಪತ್ರಿಕೆಯಲ್ಲಿ. ಚಿತ್ರ ಹರುಕಿ ಇಝುಮಿ ಅವರದು. ಇಬ್ಬರೂ ಸೇರಿ ‘ಮಸಾಯುಕಿ ಇಝುಮಿ’ ಎಂಬ ಒಂದೇ ಹೆಸರು ಇಟ್ಟುಕೊಂಡಿದ್ದರು. ಉದ್ದ ಕೋಟು ತೊಟ್ಟ, ಪತ್ತೇದಾರಿ ಸಿನಿಮಾದಿಂದ ಎದ್ದು ಬಂದಂತಿರುವ ಒಬ್ಬ ಗಂಡಸು ರಾತ್ರಿ ರೈಲಿನಲ್ಲಿ ಬುತ್ತಿ ಬಿಚ್ಚುತ್ತಾನೆ. ಯಾವ ಪಲ್ಯ ಮೊದಲು, ಯಾವುದು ಕೊನೆಗೆ, ಅದಕ್ಕೆಂದು ಎಷ್ಟು ಅನ್ನ ಉಳಿಸಬೇಕು ಎಂದು ಜೀವನ್ಮರಣದ ಪ್ರಶ್ನೆಯೆಂಬಂತೆ ಲೆಕ್ಕ ಹಾಕುತ್ತಾನೆ. ಕೊಲೆಯಿಲ್ಲ, ಪ್ರೇಮವಿಲ್ಲ. ತುತ್ತಿನ ಕ್ರಮವೇ ಕಥೆ.

ಆಗ ಕುಸುಮಿ ಅವರಿಗೆ ಇನ್ನೂ ಇಪ್ಪತ್ತಮೂರರ ಆಸುಪಾಸು. ಅಲ್ಲಿಂದ ಇಂದಿನವರೆಗೆ ಅವರು ಬರೆದದ್ದರಲ್ಲಿ ಬಹುಪಾಲು ಆ ಬುತ್ತಿಯ ಮುಂದುವರಿಕೆಯೇ. ದೊಡ್ಡ ವಿಷಯ ಸಿಗಲಿ ಎಂದು ಕಾಯುತ್ತಿರುವ ಯುವ ಬರಹಗಾರರೇ, ಮೊದಲು ಇದನ್ನು ಗಮನಿಸಿ.

2. ಪಂಡಿತರಂತಲ್ಲ, ಹಸಿದವರಂತೆ ಬರೆಯಿರಿ

1983ರಲ್ಲಿ ತೆತ್ಸು ಕಾರಿಯಾ ಕಥೆ, ಅಕಿರಾ ಹನಾಸಾಕಿ ಚಿತ್ರದ ‘ಒಯಿಶಿನ್ಬೊ’ ಶುರುವಾಯಿತು. ನೂರು ಸಂಪುಟ ದಾಟಿದ ಮಹಾ ಯಶಸ್ಸು ಅದು. ಅಕ್ಕಿ ಯಾವುದು, ಮೀನು ಎಷ್ಟು ತಾಜಾ, ಯಾರ ಅಡುಗೆ ಮೇಲು ಎಂದು ತಂದೆ ಮಗನೇ ಅಲ್ಲಿ ಎದುರಾಳಿಗಳು. ಆಮೇಲೆ ಊಟದ ಮಂಗಾ ಎಂದರೆ ಜ್ಞಾನ, ಪಂದ್ಯ, ತೀರ್ಪು ಎಂಬಂತಾಯಿತು.

ಕುಸುಮಿ ಅದೇ ಹಾದಿಯಲ್ಲಿ ಇನ್ನೂ ಹೆಚ್ಚು ತಿಳಿದವರಾಗಲು ಹೋಗಲಿಲ್ಲ. ಅವರ ‘ಕೊದೊಕು ನೊ ಗುರುಮೆ’ಯ ನಾಯಕ ಗೋರೋ ಇನೊಗಾಶಿರಾ ವಿದೇಶಿ ಸಾಮಾನು ತರಿಸಿ ಮಾರುವ ಒಂಟಿ ವ್ಯಾಪಾರಿ. ಅಡುಗೆಯ ಬಗ್ಗೆ ನಮಗೆ ತಿಳಿದಷ್ಟೇ ಅವನಿಗೂ ತಿಳಿದಿದೆ. ಅವನು ಅಂಕ ಕೊಡುವುದಿಲ್ಲ. ಬಾಯಿಗೆ ಇಟ್ಟದ್ದು ಚೆನ್ನಾಗಿದೆಯೇ, ಇನ್ನೂ ಸ್ವಲ್ಪ ಬೇಕೇ, ಹೊಟ್ಟೆ ತುಂಬಿತೇ ಎಂಬ ಮೂರೇ ಪ್ರಶ್ನೆ ಅವನವು. ಎಲ್ಲರೂ ಒಂದೇ ಕಡೆ ನೂಕುತ್ತಿರುವಾಗ ಇನ್ನೊಂದು ಬಾಗಿಲು ಖಾಲಿಯಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

3. ಕೆಟ್ಟ ಆಯ್ಕೆಯನ್ನೂ ಕಥೆಯೊಳಗೆ ತನ್ನಿ

‘ಕೊದೊಕು ನೊ ಗುರುಮೆ’ ಮೊದಲು ಬಂದದ್ದು 1994ರಿಂದ 1996ರವರೆಗೆ, ‘ಪಾಂಜಾ’ ಎಂಬ ಮಾಸಪತ್ರಿಕೆಯಲ್ಲಿ. ಮೊದಲ ಅಧ್ಯಾಯದಲ್ಲಿ ಗೋರೋ ದಿನಗೂಲಿಯವರು ಇರುವ ಸಾನ್ಯಾ ಪ್ರದೇಶದ ಒಂದು ಸಾದಾ ಹೋಟೆಲಿಗೆ ನುಗ್ಗುತ್ತಾನೆ. ಹುರಿದ ಹಂದಿಮಾಂಸ ಮತ್ತು ಅನ್ನ ಹೇಳುತ್ತಾನೆ, ಜೊತೆಗೊಂದು ಸೂಪು. ಬಂದ ಮೇಲೆ ನೋಡಿದರೆ ಸೂಪೂ ಹಂದಿಮಾಂಸದ್ದೇ! ಮಾಂಸ ಮುಟ್ಟದ ಓದುಗರಿಗೂ ಆ ಪೆಚ್ಚು ಮೋರೆ ಅರ್ಥವಾಗುತ್ತದೆ. ಪಲ್ಯಕ್ಕೂ ಬೀನ್ಸ್, ಹುಳಿಗೂ ಬೀನ್ಸ್ ಬಿದ್ದ ದಿನ ನಮ್ಮ ಮುಖವೂ ಹಾಗೇ ಇರುತ್ತದೆ.

ಇನ್ನೊಂದು ಅಧ್ಯಾಯ ಶಿಂಕಾನ್ಸೆನ್ ರೈಲಿನದು. ದಾರ ಎಳೆದರೆ ತಾನೇ ಬಿಸಿಯಾಗುವ ಶುಮಾಯ್ ಕಡುಬಿನ ಡಬ್ಬಿ ಕೊಂಡು ಗೋರೋ ದಾರ ಎಳೆಯುತ್ತಾನೆ. ಆವಿ ಎದ್ದು ವಾಸನೆ ಬೋಗಿಗೆಲ್ಲ ಹರಡಿ, ಅಕ್ಕಪಕ್ಕದವರ ಮುಂದೆ ಅವನು ಮುದುಡಿ ಕೂರುತ್ತಾನೆ. 1981ರ ಆ ಮೊದಲ ಕಥೆಯ ರಾತ್ರಿ ರೈಲು ಇಲ್ಲಿ ಶಿಂಕಾನ್ಸೆನ್ ಆಯಿತು.

ಊಟದ ಬರಹಗಳಲ್ಲಿ ಎಲ್ಲವೂ ಅಮೃತವೇ ಆಗಿರುವುದು ದೊಡ್ಡ ಸುಳ್ಳು. ಕುಸುಮಿ ಆ ಸುಳ್ಳು ಹೇಳಲಿಲ್ಲ. ಓದುಗರು ಅವರನ್ನು ನಂಬಿದ್ದು ಅದಕ್ಕೇ.

4. ನಿಮ್ಮ ನಂಬಿಕೆಗಾಗಿ ಒಂದು ಸಲವಾದರೂ ಕಥೆ ಸಿಡಿಯಲಿ

ಟೋಕಿಯೊದ ಇತಾಬಾಶಿಯ ಓಯಾಮಾದ ಒಂದು ಪುಟ್ಟ ಹೋಟೆಲು. ಗೋರೋ ಹ್ಯಾಂಬರ್ಗ್ ಊಟ ಹೇಳಿ ಕಾಯುತ್ತಿದ್ದಾನೆ. ಮಾಲೀಕ ಗಿರಾಕಿಗಳ ಮುಂದೆಯೇ, ಅಲ್ಲಿ ಕೆಲಸಕ್ಕಿರುವ ವಿದೇಶಿ ವಿದ್ಯಾರ್ಥಿಯನ್ನು ಹೀನಾಯವಾಗಿ ಬೈಯುತ್ತಿದ್ದಾನೆ. ಗೋರೋಗೆ ತುತ್ತು ಇಳಿಯುವುದಿಲ್ಲ. ಊಟ ಮಾಡುವ ಹೊತ್ತಿನಲ್ಲಿ ಯಾರ ಹಂಗೂ ಇಲ್ಲದೆ, ಯಾರ ಅಡ್ಡಿಯೂ ಇಲ್ಲದೆ ಮನುಷ್ಯ ಹಗುರಾಗಬೇಕು ಎಂಬುದು ಅವನ ಮತ. ಅದನ್ನು ಹೇಳಿಯೂ ಬಿಡುತ್ತಾನೆ. ಮಾಲೀಕ ಮೈಮೇಲೆ ಬಂದಾಗ ಅವನ ತೋಳು ತಿರುವಿ ಹಿಡಿಯುತ್ತಾನೆ. ಆಗ ತಡೆಯುವವನು ಯಾರು? ಬೈಗುಳ ತಿಂದ ಆ ವಿದ್ಯಾರ್ಥಿಯೇ.

ಇಡೀ ಮಾಲಿಕೆಯಲ್ಲಿ ನಾನು ಮತ್ತೆ ಮತ್ತೆ ತಿರುವಿ ಹಾಕುವ ಪುಟಗಳು ಇವು. ನ್ಯಾಯ ಸಿಕ್ಕಿತು ಎಂಬ ಖುಷಿಯನ್ನೂ ಕುಸುಮಿ ನಮಗೆ ಪೂರ್ತಿ ಕೊಡುವುದಿಲ್ಲ. ಹೊಡೆದಾಟದಿಂದ ಆ ಹುಡುಗನಿಗೆ ಒಳ್ಳೆಯದಾಯಿತೇ? ಅವನ ನಾಳೆಯ ಕೆಲಸದ ಗತಿ? ಪ್ರಶ್ನೆ ಹಾಗೇ ನಿಲ್ಲುತ್ತದೆ. ಉಣ್ಣುವುದು ಬಿಟ್ಟರೆ ಏನೂ ನಡೆಯದ ಪುಸ್ತಕಕ್ಕೆ ಬೆನ್ನುಮೂಳೆ ಈ ಎಂಟು ಪುಟದ ಅಧ್ಯಾಯ.

5. ಗುರುತು ಹಾಕಿ ಬರೆಯಿರಿ

ಪ್ರತಿ ಅಧ್ಯಾಯದ ಹೆಸರಿನಲ್ಲಿ ಎರಡೇ ಸಂಗತಿ: ಜಾಗ, ತಿನಿಸು. ಇಂಥ ಬಡಾವಣೆಯ ಇಂಥ ಊಟ. ಒಸಾಕಾದ ನಾಕಾತ್ಸುವಿನ ತಕೊಯಾಕಿ, ಅಸಾಕುಸಾದ ಮಾಮೆಕಾನ್. “ಒಂದು ಊರಿನಲ್ಲಿ ಒಂದು ಹೋಟೆಲು” ಎಂದು ಬರೆಯುವವರಿಗೆ ಹಸಿವು ದಾಟಿಸಲಾಗದು.

6. ನಿಮ್ಮ ಕೈಗಿಂತ ದೊಡ್ಡ ಕೈ ಹುಡುಕಿ

‘ಕೊದೊಕು ನೊ ಗುರುಮೆ’ಗೆ ಚಿತ್ರ ಬಿಡಿಸಿದವರು ಜಿರೋ ತಾನಿಗುಚಿ. 1947ರಲ್ಲಿ ತೊತ್ತೋರಿಯಲ್ಲಿ ಹುಟ್ಟಿದ, ಫ್ರಾನ್ಸಿನಲ್ಲೂ ಅಪಾರ ಗೌರವ ಪಡೆದ ಕಲಾವಿದ. ಗೋಡೆಯ ಬಿರುಕು, ಬಾಗಿಲ ಮುಂದಿನ ಪರದೆ, ತಟ್ಟೆಯ ಅಂಚು, ಅನ್ನದ ಮೇಲಿನ ಹಬೆ ಎಲ್ಲವನ್ನೂ ಅವರು ಒಂದೇ ಶ್ರದ್ಧೆಯಿಂದ ಬಿಡಿಸಿದರು. ಕುಸುಮಿ ಸ್ವತಃ ಚಿತ್ರ ಬಿಡಿಸಬಲ್ಲವರು. ಆದರೂ ಈ ಕಥೆಗೆ ಬೇಕಾದ ಗಾಂಭೀರ್ಯ ತಾನಿಗುಚಿ ಅವರ ರೇಖೆಯಲ್ಲಿದೆ ಎಂಬುದು ಪುಟ ತಿರುವಿದರೆ ಯಾರಿಗೂ ತಿಳಿಯುತ್ತದೆ. ಸೂಪಿನ ಬಟ್ಟಲ ಮುಂದೆ ಪೆಚ್ಚಾದ ಗಂಡಸನ್ನು ವ್ಯಂಗ್ಯಚಿತ್ರದಂತೆ ಬರೆದಿದ್ದರೆ ಒಮ್ಮೆ ನಕ್ಕು ಮರೆಯುತ್ತಿದ್ದೆವು.

2017ರ ಫೆಬ್ರುವರಿಯಲ್ಲಿ ತಾನಿಗುಚಿ ತೀರಿಕೊಂಡರು. ಮಂಗಾ ಎರಡು ಸಂಪುಟಕ್ಕೇ ನಿಂತಿತು. ಜೊತೆಗಾರನ ಪಾಲು ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

7. ಬೇರೆ ಕಸುಬಿನವರಿಂದ ಕಣ್ಣು ಪಡೆಯಿರಿ

ಕುಸುಮಿ ಟೋಕಿಯೊದ ‘ಬಿಗಾಕ್ಕೊ’ ಕಲಾಶಾಲೆಯಲ್ಲಿ ಗೆನ್ಪೈ ಅಕಾಸೆಗಾವಾ ಅವರ ತರಗತಿಗೆ ಹೋದವರು. ಅಕಾಸೆಗಾವಾ ಊಟದವರಲ್ಲ, ಕಲಾವಿದ ಮತ್ತು ಲೇಖಕ. ಎಲ್ಲಿಗೂ ಹೋಗದ ಮೆಟ್ಟಿಲು, ಮುಚ್ಚಿಹೋದ ಕಿಟಕಿ ಇಂಥವನ್ನು ಬೀದಿಯಲ್ಲಿ ಹುಡುಕಿ ದಾಖಲಿಸಿದವರು. ಹಳೆಯ ಹೋಟೆಲಿನ ಮಾಸಿದ ಪರದೆ ನೋಡಿಯೇ ಒಳಗಿನ ಅಡುಗೆ ಅಂದಾಜು ಮಾಡುವ ಕುಸುಮಿ ಅವರ ಕಣ್ಣಿನಲ್ಲಿ ಆ ಗುರುವಿನ ಪಾಲಿದೆ ಎಂದು ನಾನು ನಂಬುತ್ತೇನೆ.

8. ನಿಮ್ಮ ಹೊಟ್ಟೆಯನ್ನೇ ನಾಯಕನಿಗೆ ಕೊಡಬೇಡಿ

ಕುಸುಮಿ ಅವರಿಗೆ ಬಿಯರ್, ಸಾಕೆ ಅಂದರೆ ಪ್ರೀತಿ. ಗೋರೋ ಹನಿ ಮದ್ಯವನ್ನೂ ಮುಟ್ಟುವುದಿಲ್ಲ. ಮದ್ಯದಂಗಡಿಗೆ ಹೊಕ್ಕು ಅನ್ನ ಕೇಳುತ್ತಾನೆ, ಸಿಹಿ ಹುಡುಕುತ್ತಾನೆ. ಈ ಒಂದು ವ್ಯತ್ಯಾಸದಿಂದ ಎಷ್ಟು ಸನ್ನಿವೇಶ ಹುಟ್ಟಿವೆ ಎಂದು ಎಣಿಸಿ ನೋಡಿ.

ತನ್ನ ಕುಡಿಯುವ ಸಂತೋಷಕ್ಕೆ ಕುಸುಮಿ ಬೇರೆ ಪುಸ್ತಕ ಬರೆದರು. ‘ಹಿರು ನೊ ಸೆಂತೊ ಝಾಕೆ’ಯಲ್ಲಿ ಹಗಲು ಹೊತ್ತು ಸಾರ್ವಜನಿಕ ಸ್ನಾನಗೃಹದಲ್ಲಿ ಮಿಂದು, ಮೈ ಬೆಚ್ಚಗಿರುವಾಗಲೇ ಗ್ಲಾಸು ಎತ್ತುವ ಸುಖವಿದೆ. ‘ನೊಬುಶಿ ನೊ ಗುರುಮೆ’ ಕೆಲಸದಿಂದ ನಿವೃತ್ತನಾದ ಗಂಡಸಿನದು. 2017ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾದಾಗ ಅಳುಕಿನ ಆ ಮನುಷ್ಯನ ಕಲ್ಪನೆಯಲ್ಲಿ ಒಬ್ಬ ಅಲೆಮಾರಿ ಸಮುರಾಯ್ ಬಂದು ಧೈರ್ಯ ತುಂಬುತ್ತಿದ್ದ. ‘ಹಾನಾ ನೊ ಝುಬೊರಾ ಮೆಶಿ’ಯ ನಾಯಕಿ, ಗಂಡ ದೂರದೂರಿನ ಕೆಲಸದಲ್ಲಿರುವ ಗೃಹಿಣಿ. ಒಬ್ಬಳಿಗೇ ಎಂದು ಸೋಮಾರಿ ಅಡುಗೆ ಮಾಡಿ ಮನಸಾರೆ ತಿನ್ನುತ್ತಾಳೆ. ಎತ್ಸುಕೊ ಮಿಝುಸಾವಾ ಚಿತ್ರ ಬಿಡಿಸಿದ ಈ ಮಂಗಾ ‘ಕೊನೊ ಮಂಗಾ ಗಾ ಸುಗೊಯ್’ ಎಂಬ ವಾರ್ಷಿಕ ಮಂಗಾ ಪಟ್ಟಿಯ 2012ರ ಮಹಿಳಾ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ವಸ್ತು ಒಂದೇ, ಉಣ್ಣುವವರು ಬೇರೆ ಬೇರೆ.

9. ಫಲ ತಡವಾದರೆ ಕೈಕಟ್ಟಿ ಕೂರಬೇಡಿ

‘ಕೊದೊಕು ನೊ ಗುರುಮೆ’ಯ ಮೊದಲ ಸಂಪುಟ ಬಂದದ್ದು 1997ರಲ್ಲಿ, ಎರಡನೆಯದು 2015ರಲ್ಲಿ. ನಡುವೆ ಹದಿನೆಂಟು ವರ್ಷ! ಪುಸ್ತಕ ಬಾಯಿಂದ ಬಾಯಿಗೆ ಹರಡುತ್ತ ಹೋಯಿತು. ಟೀವಿ ಟೋಕಿಯೊದಲ್ಲಿ ಧಾರಾವಾಹಿ ಶುರುವಾದದ್ದು 2012ರ ಜನವರಿಯಲ್ಲಿ, ಅದೂ ನಡುರಾತ್ರಿ ದಾಟಿದ ಮೇಲೆ. ಅಷ್ಟರವರೆಗೆ ಹೆಚ್ಚಾಗಿ ಪೋಷಕ ಪಾತ್ರಗಳಲ್ಲಿ ಕಾಣುತ್ತಿದ್ದ ಯುತಾಕಾ ಮತ್ಸುಶಿಗೆ ಗೋರೋ ಆದರು. ಆ ಹೊತ್ತಿನಲ್ಲಿ ನೋಡಿದವರಿಗೆ ನಿದ್ದೆ ಹೋಗಿ ಹಸಿವು ಬಂತು.

ಕಾಯುವ ವರ್ಷಗಳಲ್ಲಿ ಕುಸುಮಿ ಏನು ಮಾಡುತ್ತಿದ್ದರು? ತಮ್ಮ ತಾಕುಯಾ ಜೊತೆ ‘ಕ್ಯು.ಬಿ.ಬಿ.’ ಹೆಸರಿನಲ್ಲಿ ಮಾಡಿದ ‘ಚೂಗಾಕುಸೆಯ್ ನಿಕ್ಕಿ’ಗೆ 1999ರಲ್ಲಿ ಬುಂಗೆಯ್ಶುಂಜೂ ಮಂಗಾ ಪ್ರಶಸ್ತಿ ಬಂತು. ಪ್ರಬಂಧ ಬರೆದರು, ಸಂಗೀತ ಬಿಡಲಿಲ್ಲ. ಧಾರಾವಾಹಿ ಬಂದಾಗ ಅದರ ಸಂಗೀತವನ್ನು ಅವರದೇ ತಂಡ ‘ದಿ ಸ್ಕ್ರೀನ್ ಟೋನ್ಸ್’ ನುಡಿಸಿತು.

10. ನೀವೇ ಹೋಗಿ ಉಣ್ಣಿ

ಧಾರಾವಾಹಿಯ ಪ್ರತಿ ಕಂತಿನ ಕೊನೆಯಲ್ಲಿ, ಗೋರೋ ಉಂಡ ಹೋಟೆಲಿಗೆ ಕುಸುಮಿ ಸ್ವತಃ ಹೋಗುತ್ತಾರೆ. ಹೋಟೆಲು ನಿಜವಾದದ್ದು, ಬಡಿಸುವವರು ಅದರ ನಿಜವಾದ ಮಾಲೀಕರು. ಗೋರೋ ಕುಡಿಯದ ಬಿಯರನ್ನು ಅವರು ಕುಡಿಯುತ್ತಾರೆ, ಗೋರೋ ಹೇಳದ ತಿನಿಸು ಹೇಳುತ್ತಾರೆ, ಮಾಲೀಕರನ್ನು ಮಾತಿಗೆಳೆಯುತ್ತಾರೆ. ಇಷ್ಟು ಹೆಸರು ಬಂದ ಮೇಲೂ ಅವರು ಬರೆಯುವುದು ಕಾಲೆಳೆದುಕೊಂಡು ಹೋಗಿ ಕೂತ ಜಾಗದಿಂದಲೇ. ನೀವೂ ಮುಂದಿನ ಸಲ ಗುರುತಿಲ್ಲದ ಬೀದಿಯಲ್ಲಿ ಹಸಿದಾಗ ಮೊಬೈಲಿನ ರೇಟಿಂಗ್ ನೋಡದೆ ಒಂದು ಹೋಟೆಲಿಗೆ ಹೊಕ್ಕು ನೋಡಿ. ಏನು ಹೇಳಿದಿರಿ, ಏನು ಹೇಳಬೇಕಿತ್ತು, ಪಕ್ಕದ ಮೇಜಿನವರ ತಟ್ಟೆಯಲ್ಲಿ ಏನಿತ್ತು ಎಂದು ಆ ರಾತ್ರಿಯೇ ಬರೆದಿಡಿ.