ಕ್ಷಯದ ರೋಗಾಣುವು ದೇಹದಲ್ಲಿ ಅಡಗುವ ಬಗೆ

ರೋಗವನ್ನುಂಟುಮಾಡುವ ಸೂಕ್ಷ್ಮಜೀವಿಗಳೆಲ್ಲವೂ ಒಂದೇ ಮಾರ್ಗವನ್ನು ಹಿಡಿಯುವವಲ್ಲ. ಗಂಟಲಮಾರಿಯ ಅಣುವು ಗಂಟಲಲ್ಲಿಯೇ ಕುಳಿತು, ತನ್ನ ವಿಷವನ್ನು ರಕ್ತದೊಳಕ್ಕೆ ಬಿಟ್ಟು, ದೂರದಲ್ಲಿರುವ ಹೃದಯವನ್ನು ಕೆಡಿಸುತ್ತದೆ. ಇನ್‌ಫ್ಲುಯೆಂಜಾ ಜ್ವರದ ವಿಷಾಣುವು ಆಗಾಗ್ಗೆ ಹೊರವೇಷವನ್ನು ಬದಲಿಸುವದರಿಂದ, ಅದರೊಡನೆ ಒಮ್ಮೆ ಕಾದಾಡಿದ ದೇಹವೂ ಅದರ ಗುರುತನ್ನು ತಪ್ಪುವದುಂಟು. ಕ್ಷಯದ ರೋಗಾಣುವಾದರೋ ಕಾವಲುಗಾರನ ಮನೆಯೊಳಗೇ ಬಿಡಾರ ಮಾಡುವದು. ನಾವು ಇಲ್ಲಿ ವಿಚಾರಿಸುವದು ಇದನ್ನೇ.

1882ನೆಯ ಇಸವಿ ಮಾರ್ಚ್ 24ರಂದು ಬರ್ಲಿನ್ ಪಟ್ಟಣದಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯರು ಈ ಅಣುವನ್ನು ಕಂಡುಹಿಡಿದ ವಾರ್ತೆಯನ್ನು ವಿದ್ವಾಂಸರ ಸಭೆಗೆ ತಿಳಿಸಿದರು. ಕ್ಷಯವು ವಂಶದಿಂದ ಬರುವದೆಂದು ಅಲ್ಲಿಯ ವರೆಗೆ ಅನೇಕರು ನಂಬಿದ್ದರು. ಅಣುವು ಸಣ್ಣ ಕಡ್ಡಿಯ ಆಕಾರದ್ದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 2ರಿಂದ 4 ಪಾಲಿನಷ್ಟು ಉದ್ದ. ಅದರ ಮೈಮೇಲೆ ಮೇಣದಂಥ ದಪ್ಪ ಹೊದಿಕೆಯಿದೆ. ಬಣ್ಣವು ಇದಕ್ಕೆ ಬೇಗನೆ ಹತ್ತದು. ಹತ್ತಿದ ಮೇಲೆ ಆಮ್ಲದಿಂದ ತೊಳೆದರೂ ಬಿಡದು. ಕಫವನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡುವವರು ಈ ಗುಣದಿಂದಲೇ ಅದನ್ನು ಗುರುತಿಸುವರು. ಅಣುವಿಗೆ ಕವಚವಾಗಿರುವದೇ ಅದನ್ನು ಹಿಡಿದುಕೊಡುವದೂ ಆಗಿದೆ!

ರೋಗಿಯು ಕೆಮ್ಮಿದಾಗ ಹೊರಬೀಳುವ ತುಂತುರಿನಲ್ಲಿ ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ, ಇಲ್ಲವೆ ನಮ್ಮ ಮೂಗಿನ ಕೂದಲಿಗೂ ಗಂಟಲ ಲೋಳೆಗೂ ಸಿಕ್ಕಿಕೊಳ್ಳುತ್ತವೆ. ಒಣಗಿ ಕಿರಿದಾದ ಹನಿಗಳು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿದ್ದು, ಉಸಿರಿನೊಡನೆ ಶ್ವಾಸಕೋಶದ ತುದಿಯ ಗೂಡುಗಳನ್ನು ಮುಟ್ಟುತ್ತವೆ. ಅಲ್ಲಿ ಕಾವಲಿರುವವು ಭಕ್ಷಕ ಕಣಗಳು. ಇಂಥ ಕಣಗಳ ಕೆಲಸವನ್ನು ಮೊದಲು ತಿಳಿದವರು ರಷ್ಯ ದೇಶದ ಇಲ್ಯಾ ಮೆಚ್ನಿಕಾಫ್. ಅದೇ 1882ರಲ್ಲಿ ಸಿಸಿಲಿಯ ಮೆಸ್ಸೀನಾ ಊರಲ್ಲಿ ಅವರು ನಕ್ಷತ್ರಮೀನಿನ ಎಳೆಮರಿಗೆ ಮುಳ್ಳು ಚುಚ್ಚಿ, ಮರುದಿನ ಮುಳ್ಳಿನ ಸುತ್ತ ಸಂಚಾರೀ ಕಣಗಳು ಮುತ್ತಿದ್ದನ್ನು ಕಂಡರು.

ಭಕ್ಷಕ ಕಣವು ಅಣುವನ್ನು ನುಂಗಿ ಒಂದು ಚಿಕ್ಕ ಚೀಲದಲ್ಲಿಡುವದು. ಆಮ್ಲವೂ ಜೀರ್ಣರಸಗಳೂ ತುಂಬಿದ ಮತ್ತೊಂದು ಚೀಲವು ಬಂದು ಇದರೊಡನೆ ಕೂಡಿಕೊಂಡರೆ ನುಂಗಲ್ಪಟ್ಟದ್ದು ಕರಗಿಹೋಗಬೇಕು. ಕ್ಷಯದ ಅಣುವು ಈ ಕೂಡುವಿಕೆಯನ್ನೇ ತಡೆಯುವದು. ತನ್ನ ಮೇಣದ ವಸ್ತುಗಳಿಂದಲೂ ತಾನು ಹೊರಬಿಡುವ ಸಸಾರಜನಕಗಳಿಂದಲೂ ಚೀಲದ ದಾರಿಯನ್ನು ಕೆಡಿಸಿ, ನುಂಗಿದವನ ಹೊಟ್ಟೆಯಲ್ಲಿಯೇ ವೃದ್ಧಿಯಾಗುವದು. ಅದಕ್ಕೆ ಅವಸರವಿಲ್ಲ. ಕರುಳಿನ ಸಾಮಾನ್ಯ ಅಣುವು 20 ನಿಮಿಷಗಳಲ್ಲಿ ಎರಡಾಗಬಲ್ಲದು. ಇದಕ್ಕೆ ಸುಮಾರು 20 ಗಂಟೆಗಳು ಬೇಕು.

ಕೆಲವು ವಾರಗಳ ತರುವಾಯ ದೇಹದ ಇತರ ರಕ್ಷಕ ಕಣಗಳು ಬಂದು, ಹಾಳಾದ ಸ್ಥಳವನ್ನು ಸುತ್ತುವರಿದು ಗಂಟು ಕಟ್ಟುವವು. ಅಣುವು ಒಳಗೆ ಸೆರೆಯಾಗುವದಾದರೂ ಸಾಯಲೇಬೇಕೆಂದಿಲ್ಲ. ವರುಷಗಟ್ಟಲೆ ನಿದ್ರಿಸಿದಂತೆ ಇರಬಲ್ಲದು. ಲೋಕದ ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲಿಗೆ ಇದು ತಗಲಿದೆಯೆಂದೂ, ಹೀಗೆ ತಗಲಿದ 100 ಮಂದಿಯಲ್ಲಿ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ರೋಗವು ಹುಟ್ಟುವದೆಂದೂ ವಿಶ್ವ ಆರೋಗ್ಯ ಸಂಸ್ಥೆಯವರ ಅಂದಾಜು. ಅರೆಹೊಟ್ಟೆಯ ಊಟ, ಮಧುಮೇಹ, ಎಚ್.ಐ.ವಿ. ಇವು ಸೆರೆಯ ಗೋಡೆಯನ್ನು ಸಡಿಲಿಸುತ್ತವೆ. ಮನೆಯವರೆಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮೊದಲನೆಯ ಕಾರಣವು ಸಣ್ಣದಲ್ಲ.

ಗೋಡೆಯು ಒಡೆದಾಗ ಗಂಟಿನ ನಡುಭಾಗವು ಗಿಣ್ಣಿನಂತೆ ಮೆತ್ತಗಾಗಿ, ಕರಗಿ, ಶ್ವಾಸನಾಳಕ್ಕೆ ತೆರೆದುಕೊಳ್ಳುವದು. ಶ್ವಾಸಕೋಶದಲ್ಲಿ ಗುಳಿ ಬೀಳುವದು. ಈ ಹಾನಿಯಲ್ಲಿ ಬಹುಭಾಗವು ದೇಹವು ತಾನೇ ನಡಿಸಿದ ಯುದ್ಧದ ಫಲವೆಂಬದು ಆಶ್ಚರ್ಯವಾದರೂ ನಿಜ. ಗುಳಿಯಿಂದ ಅಣುಗಳು ಕಫದಲ್ಲಿ ಸೇರಿ, ಕೆಮ್ಮಿನೊಡನೆ ಹೊಸ ಮನೆಯನ್ನು ಹುಡುಕಿಕೊಂಡು ಹೊರಡುತ್ತವೆ.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ದೊರೆಯಿತು. ಅದನ್ನೊಂದನ್ನೇ ಕೊಟ್ಟಾಗ ರೋಗಿಗಳು ಮೊದಲು ಚೇತರಿಸಿಕೊಂಡರೂ, ಅದಕ್ಕೆ ಬಗ್ಗದ ಅಣುಗಳು ಉಳಿದು ಹೆಚ್ಚಿದವು. ಆದದರಿಂದ ಈಗ ಹಲವು ಔಷಧಗಳನ್ನು ಕೂಡಿಸಿ ಕೊಡುವರು: ಸಾಮಾನ್ಯ ಕ್ಷಯಕ್ಕೆ ಮೊದಲ 2 ತಿಂಗಳು 4 ಬಗೆ, ಆ ಮೇಲೆ 4 ತಿಂಗಳು ಅದಕ್ಕಿಂತ ಕಡಿಮೆ. ಒಂದು ತಿಂಗಳಲ್ಲಿ ಜ್ವರವಿಳಿದು ಹಸಿವೆಯು ಹುಟ್ಟಿದ ಮೇಲೆಯೂ ಗುಳಿಗೆಗಳೇಕೆಂದು ನಮ್ಮ ತಂಗಿಯರು ಕೇಳಬಹುದು. ಚುರುಕಾಗಿ ಬೆಳೆಯುತ್ತಿದ್ದ ಅಣುಗಳು ಬೇಗ ಸಾಯುತ್ತವೆ. ಮಲಗಿರುವವನ್ನು ಔಷಧವು ಎಚ್ಚರದ ಹೊತ್ತಿನಲ್ಲಿ ಹಿಡಿಯಬೇಕಾದದರಿಂದ ತಿಂಗಳುಗಳು ಬೇಕಾಗುತ್ತವೆ.

ಹಿಂದೆ ರೋಗಿಗಳನ್ನು ಆರೋಗ್ಯಧಾಮಗಳಿಗೆ ಕಳುಹಿಸುವದೇ ಪದ್ಧತಿಯಾಗಿತ್ತು; ಮದನಪಲ್ಲಿಯ ಬಳಿ 1915ರಲ್ಲಿ ಮಿಶನುಗಳು ಕೂಡಿ ಸ್ಥಾಪಿಸಿದ ಆರೋಗ್ಯವರವು ಹೆಸರಾದದ್ದು. ಮದ್ರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಪರೀಕ್ಷೆಯಿಂದ, ಬಡವರ ಇಕ್ಕಟ್ಟಾದ ಮನೆಯಲ್ಲಿದ್ದು ಔಷಧ ತೆಗೆದುಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರೆಂದೂ, ಅವರ ಮನೆಯವರಿಗೆ ಅಪಾಯವು ಹೆಚ್ಚಲಿಲ್ಲವೆಂದೂ ತಿಳಿದುಬಂತು. ರೋಗವು ತಟ್ಟೆ ಬಟ್ಟಲುಗಳಿಂದ ಹರಡುವದಿಲ್ಲ. ಆದರೂ ಸೊಸೆಗೆ ಬೇರೆ ತಟ್ಟೆಯನ್ನಿಟ್ಟು ಕೋಣೆಯ ಕಿಟಕಿಯನ್ನು ಮುಚ್ಚುವ ಮನೆಗಳಿವೆ. ಮುಚ್ಚಬಾರದಾಗಿದ್ದದ್ದು ಆ ಕಿಟಕಿಯೇ.

ಹಳ್ಳಿಯ ರೋಗಿಗಳು ಅಜ್ಞಾನದಿಂದ ವೈದ್ಯರ ಬಳಿಗೆ ಬರುವದಿಲ್ಲವೆಂಬ ಮಾತೊಂದಿತ್ತು. ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ವರದಿಯು, ಅರ್ಧಕ್ಕಿಂತ ಹೆಚ್ಚು ರೋಗಿಗಳು ತಾವಾಗಿಯೇ ಸರಕಾರದ ಆಸ್ಪತ್ರೆಗಳಿಗೆ ಹೋಗಿದ್ದರೆಂದು ತೋರಿಸಿತು. ಅವರಲ್ಲಿ ಬಹುಮಂದಿಗೆ ಕೆಮ್ಮಿನ ಔಷಧದ ಸೀಸೆಯನ್ನು ಕೊಟ್ಟು ಕಳುಹಿಸಲಾಗಿತ್ತು. ಈಗ 2 ವಾರಗಳ ಮೇಲೆಯೂ ಕೆಮ್ಮು ನಿಲ್ಲದವರ ಕಫವನ್ನು ಸರಕಾರದ ಆಸ್ಪತ್ರೆಗಳಲ್ಲಿ ವೆಚ್ಚವಿಲ್ಲದೆ ಪರೀಕ್ಷಿಸುವರು.