ಮಗ್ಗದೂರಿನ ಕಿವಿಗಳು: ಕಾರಮಡೈ ಕಡೆ ಕಲಿತ ಪಾಠಗಳು

ಕಿವಿ ಪರೀಕ್ಷೆ ನನ್ನ ಕೆಲಸ. ಕೊಯಮತ್ತೂರು ಕಡೆಯ ಕಾರಮಡೈ, ಸಿರುಮುಗೈ, ಮೆಟ್ಟುಪಾಳ್ಯಂ ಸುತ್ತಿನ ನೇಕಾರ ದೇವಾಂಗರ ಮನೆಗಳಲ್ಲಿ, ಕರಿಬೇವು ಬೆಳೆಯುವ ಒಕ್ಕಲಿಗರ ತೋಟಗಳಲ್ಲಿ ಒಳಗೆ ಕನ್ನಡ, ಹೊರಗೆ ತಮಿಳು. ಕಿವಿ ಮಂದವಾದವರು ಈ ಎರಡು ಭಾಷೆಗಳ ನಡುವೆ ಎಷ್ಟು ಚೆನ್ನಾಗಿ ಅಡಗಿಕೊಳ್ಳುತ್ತಾರೆ ಎಂಬುದನ್ನು ಇಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ.

1. ಮೊದಲು ಸೊಸೆಯನ್ನು ಕೇಳಿ. ಕಿವಿ ನಿಧಾನವಾಗಿ ಇಳಿಯುವುದರಿಂದ ಮಂದವಾದವರಿಗೇ ಅದು ಗೊತ್ತಾಗುವುದಿಲ್ಲ. "ಈ ಕಾಲದ ಹುಡುಗರು ಬಾಯೊಳಗೇ ಮಾತಾಡ್ತಾರೆ" ಎಂದು ಬೈಯುತ್ತಾರೆ. ಮನೆಯವರು ಮಾತ್ರ ಎಲ್ಲವನ್ನೂ ನೋಡಿರುತ್ತಾರೆ. ಟಿವಿ ಸದ್ದು ಏರಿರುತ್ತದೆ, ಫೋನು ಒಂದೇ ಕಿವಿಗೆ ಹೋಗುತ್ತದೆ, ಕುಕ್ಕರಿನ ಸೀಟಿ ಕೇಳಿರುವುದಿಲ್ಲ, ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡೆದು ನಗು ಬರುತ್ತದೆ. ನೆಂಟರ ಮದುವೆಯಲ್ಲಿ ಮೂಲೆಯ ಕುರ್ಚಿ ಹಿಡಿಯುವ ಅಜ್ಜನನ್ನು ಮುಂಗೋಪಿ ಅನ್ನುವ ಮೊದಲು ಕಿವಿ ತೋರಿಸಿ.

2. "ಕೇಳ್ತದೆ, ಆದ್ರೆ ತಿಳಿಯಲ್ಲ" ಎಂದರೆ ನಂಬಿ. ಮಾತಿನ ಜೋರು ಸ್ವರಗಳಲ್ಲಿದೆ. ಅರ್ಥವನ್ನು ಬೇರೆ ಮಾಡುವುದು ವ್ಯಂಜನಗಳು. ಸ, ಶ, ತ, ಕ ಮುಂತಾದವುಗಳ ಸದ್ದು ಮೆಲುವಾದದ್ದು, ಮೇಲಿನ ಕಂಪನಾಂಕದ್ದು. ವಯಸ್ಸಾಗಲಿ ಮಗ್ಗವಾಗಲಿ ಮೊದಲು ಕೈಹಾಕುವುದು ಅಲ್ಲಿಗೇ. ಆಗ ಸೀರೆ ಅಂದದ್ದು ಕೀರೆ ಆಗಿ ಕೇಳುತ್ತದೆ. ಎದುರು ಕೂತು ಮಾತಾಡಿದರೆ ತಿಳಿಯುತ್ತದೆ, ಮಿಕ್ಸಿ ಓಡುವಾಗ ಬೆನ್ನ ಹಿಂದಿನಿಂದ ಕರೆದರೆ ತಿಳಿಯುವುದಿಲ್ಲ. ಇದನ್ನೇ ಮನೆಯವರು "ಬೇಕಾದಾಗ ಮಾತ್ರ ಕೇಳ್ಸುತ್ತೆ" ಎಂದು ಆಡಿಕೊಳ್ಳುತ್ತಾರೆ. ಹಾಗೆಂದು ಕಿರುಚಿಯೂ ಪ್ರಯೋಜನವಿಲ್ಲ. ಒಳಗಿವಿ ಕೆಟ್ಟವರಿಗೆ ಮೆಲುಸದ್ದು ಮುಟ್ಟುವುದಿಲ್ಲ, ಜೋರು ಸದ್ದು ಚುಚ್ಚುತ್ತದೆ. ಮುಖ ಕಾಣುವಂತೆ ನಿಂತು ನಿಧಾನವಾಗಿ ಹೇಳಿ.

3. ಎಷ್ಟು ವರ್ಷ, ಯಾವ ಮಗ್ಗ ಎಂಬುದನ್ನು ಡಾಕ್ಟರಿಗೆ ಹೇಳಿ. ಸಿರುಮುಗೈನ ಗುಂಡಿಮಗ್ಗದಲ್ಲಿ ರೇಷ್ಮೆ ನೇಯ್ದವರ ಕಿವಿಯೂ ಸೋಮನೂರು, ಪಲ್ಲಡಂ ಕಡೆ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವರ ಕಿವಿಯೂ ಒಂದೇ ಅಲ್ಲ. ಕಾರ್ಖಾನೆ ನಿಯಮದಲ್ಲಿ 8 ಗಂಟೆಗೆ 90 ಡೆಸಿಬೆಲ್ ಮಿತಿ, 95 ಆದರೆ 4 ಗಂಟೆ. ಸಾಲಾಗಿ ಮಗ್ಗ ಓಡುವ ಶೆಡ್ಡು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಮನೆ ಹಿಂದಿನ ಶೆಡ್ಡಿಗೆ ಬಂದು ಅಳೆಯುವವರು ಯಾರು? ತೋಳಳತೆಯಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದರೆ ಸದ್ದು ಹೆಚ್ಚಾಗಿದೆ ಎಂದೇ ಲೆಕ್ಕ. ಶಿಫ್ಟು ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು ಎಚ್ಚರಿಕೆ. ಕಾರಮಡೈ ತೇರಿನ ಪಟಾಕಿಯ ನಂತರ ಬರುವ ಗುಂಯ್ ಕೂಡ ಅದೇ. ಹಾಳಾದ ಒಳಗಿವಿಯ ರೋಮಕೋಶಗಳು ಮತ್ತೆ ಬೆಳೆಯುವುದಿಲ್ಲ. ಹತ್ತಿ ತುರುಕಿದರೆ ಸಾಲದು, ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿ.

ಇನ್ನೊಂದು ವಿಷಯ. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳ ನೇಕಾರರು ತುಟಿ ನೋಡಿಯೇ ಮಾತಾಡುವ ರೂಢಿಯನ್ನು ಬೆಳೆಸಿಕೊಂಡಿದ್ದರು. ನಮ್ಮ ಶೆಡ್ಡುಗಳಲ್ಲೂ ತುಟಿ ಓದುವುದು, ಕೈಸನ್ನೆ ಎಲ್ಲರಿಗೂ ಬರುತ್ತದೆ. ಆದ್ದರಿಂದಲೇ ನೇಕಾರರ ಕಿವುಡು ಹಗಲಿನಲ್ಲಿ ಗೊತ್ತಾಗದೆ ಫೋನಿನಲ್ಲಿ, ಕರೆಂಟು ಹೋದ ರಾತ್ರಿಯಲ್ಲಿ ಹೊರಬೀಳುತ್ತದೆ. ಸದ್ದಿನಿಂದ ಬಂದ ಕಿವುಡನ್ನು ಕಾನೂನು ಔದ್ಯೋಗಿಕ ಕಾಯಿಲೆ ಎಂದು ಒಪ್ಪಿದೆ. ಇ.ಎಸ್.ಐ. (ಕಾರ್ಮಿಕ ವಿಮೆ) ಕಾರ್ಡಿದ್ದವರು ಪರಿಹಾರ ಕೇಳದೆ ಸುಮ್ಮನಿರಬಾರದು.

4. ಮಾತಿನ ಪರೀಕ್ಷೆ ಮನೆಮಾತಿನಲ್ಲೇ ಆಗಲಿ. ಹೆಡ್‌ಫೋನಿನಲ್ಲಿ ಕೇಳಿಸುವ 'ಪೀಂ' ಸದ್ದಿಗೆ ಭಾಷೆಯಿಲ್ಲ. ಅದರ ಜೊತೆ ಪದಗಳನ್ನು ಕೇಳಿಸಿ ತಿರುಗಿ ಹೇಳಿಸುವ ಪರೀಕ್ಷೆಯೂ ಇದೆ. ಸಂತೆಯಲ್ಲಿ ತಮಿಳು ಕಲಿತ ಅವ್ವನಿಗೆ ತಮಿಳು ಪದಪಟ್ಟಿ ಕೊಟ್ಟರೆ ತಪ್ಪಿದ್ದು ಕಿವಿಯೋ ಭಾಷೆಯೋ ತಿಳಿಯುವುದಿಲ್ಲ. 1965ರಲ್ಲಿ ಹುಟ್ಟಿದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳನ್ನೇ ಸಿದ್ಧಪಡಿಸಿದ್ದಾರೆ. "ನಮ್ಮ ಮನೆಯಲ್ಲಿ ಕನ್ನಡ" ಎಂದು ಮೊದಲೇ ಹೇಳಿಬಿಡಿ. ಸತ್ಯಮಂಗಲ, ಚಾಮರಾಜನಗರದ ದಾರಿಯಲ್ಲಿ ಮೈಸೂರಿಗೇ ಹೋಗಿ ಬರುವುದೂ ಕಷ್ಟವಲ್ಲ.

5. ಬಿಸಿ ಎಣ್ಣೆ, ಹೇರ್‌ಪಿನ್ನು, ಬಡ್ಸು ಯಾವುದೂ ಬೇಡ. ಗುಗ್ಗೆ ಕಟ್ಟಿದ್ದರೆ ಡಾಕ್ಟರು ಐದು ನಿಮಿಷದಲ್ಲಿ ತೆಗೆಯುತ್ತಾರೆ. ಆ ಮೇಲೂ ಕೇಳದಿದ್ದರೆ ಪರೀಕ್ಷೆ.

6. ಒಂದೇ ದಿನದಲ್ಲಿ ಕಿವಿ ಹೋದರೆ ಅದು ತುರ್ತು. ಬೆಳಗ್ಗೆ ಎದ್ದಾಗ ಒಂದು ಕಿವಿ ಮುಚ್ಚಿದಂತಿದೆ, ತಲೆ ಸುತ್ತುತ್ತಿದೆ ಎಂದರೆ "ನೆಗಡಿ, ಬಿಟ್ಟುಹೋಗುತ್ತದೆ" ಎಂದು ಕಾಯಬೇಡಿ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು. ಎರಡು ವಾರ ದಾಟಿದರೆ ಗುಣವಾಗುವ ಆಸೆ ಬಹಳ ಕಡಿಮೆ.

7. ಕೂಸು ಮಾತಾಡದಿದ್ದರೆ ಎರಡು ಭಾಷೆಯ ಮೇಲೆ ಹಾಕಬೇಡಿ. "ಮನೇಲಿ ಕನ್ನಡ, ಬೀದೀಲಿ ತಮಿಳು, ಅದಕ್ಕೇ ತಡ" ಎನ್ನುವುದನ್ನು ಈ ಕಡೆ ಎಷ್ಟೋ ಸಲ ಕೇಳಿದ್ದೇನೆ. ಎರಡು ಭಾಷೆ ಕೇಳುವ ಮಕ್ಕಳೂ ವರ್ಷ ತುಂಬುವ ಹೊತ್ತಿಗೆ ತೊದಲುತ್ತವೆ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಮೊದಲ ಪರೀಕ್ಷೆ, ಮೂರರೊಳಗೆ ಖಚಿತ, ಆರರೊಳಗೆ ಉಪಚಾರ ಎನ್ನುವುದು ಜಗತ್ತಿನೆಲ್ಲೆಡೆ ನಡೆಯುವ ಲೆಕ್ಕ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತಂದ ಮನೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು, ಅಲ್ಲಿ ಇನ್ನೂ ಎಚ್ಚರ ಬೇಕು. ತಮಿಳುನಾಡು ಮುಖ್ಯಮಂತ್ರಿ ವಿಮೆಯಲ್ಲಿ ಚಿಕ್ಕ ಮಕ್ಕಳಿಗೆ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಸಿಗುತ್ತದೆ. ವಯಸ್ಸು ಮೀರಿದರೆ ಆ ಬಾಗಿಲು ಮುಚ್ಚುತ್ತದೆ.

8. ಅಂಗವಿಕಲರ ಕಾರ್ಡ್ ಸಿಗಲಿಲ್ಲವೆಂದರೆ ಕಿವಿ ಸರಿಯಿದೆ ಎಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 'ಮಂದ ಶ್ರವಣ' ಅನ್ನಿಸಿಕೊಳ್ಳಲು ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟ ಇರಬೇಕು. 45-50ರಲ್ಲಿರುವವರು ಕಾರ್ಡಿನ ಹೊರಗೆ ಉಳಿಯುತ್ತಾರೆ, ಮನೆಯ ಮಾತಿನಿಂದಲೂ ಹೊರಗೆ ಉಳಿಯುತ್ತಾರೆ. ಅವರಿಗೂ ಕಿವಿಯ ಮಷೀನು ಬೇಕು. ಪರೀಕ್ಷೆಯಿಲ್ಲದೆ ಮಷೀನು ಮಾರುವ ಅಂಗಡಿಗೆ ಮಾತ್ರ ಹೋಗಬೇಡಿ. ಹಾಕಿದ ಮೊದಲ ವಾರ ಪಾತ್ರೆಯ ಸದ್ದೂ ಸಿಡಿಲಿನಂತಿರುತ್ತದೆ. ದಿನಕ್ಕೆ ಸ್ವಲ್ಪ ಹೊತ್ತು ಹಾಕಿ ರೂಢಿಮಾಡಿಕೊಳ್ಳಬೇಕು, ಡಬ್ಬಿಯಲ್ಲಿ ಇಟ್ಟರೆ ರೂಢಿಯಾಗದು.

9. ಎಲ್ಲಿಗೆ ಹೋಗುವುದು? ಕಾರಮಡೈ ಸ್ಟೇಷನ್ನಿನಲ್ಲಿ ಕೊಯಮತ್ತೂರು ರೈಲು ಹತ್ತಿದರೆ, ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಜಂಕ್ಷನ್ನಿಗೆ ಹತ್ತಿರವೇ. ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಚೀಟಿ ಮಾಡಿಸಿ. ಹಳೆಯ ಪರೀಕ್ಷೆಯ ಕಾಗದವಿದ್ದರೆ ಮರೆಯದೆ ಒಯ್ಯಿರಿ. ಕಿವಿ ಎಷ್ಟು ಬೇಗ ಇಳಿಯುತ್ತಿದೆ ಎನ್ನುವುದು ಎರಡು ಕಾಗದ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗುವುದು.