ಬೆಟ್ಟದ ಮೇಲಿನ ಆಕಾಶವೇ ಬೇರೆ

ಮಕ್ಕಳೇ, ಡಿಸೆಂಬರ್ ಬಂತೆಂದರೆ ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯಿಂದ ನೀವೆಲ್ಲ ಕಾರು ತುಂಬಿಕೊಂಡು ಸ್ನೋ ನೋಡಲು ಹೊರಡುತ್ತೀರಿ. ಖಂಡಿತ ಹೋಗಿ. ಆದರೆ ನೀವು ಹತ್ತುವ ನೆವಾಡಾ ಕೌಂಟಿಯ ಹವೆಯ ಸ್ವಭಾವವನ್ನು ತಿಳಿದುಕೊಂಡು ಹೋಗಿ. ಹೆಸರು ನೆವಾಡಾ ಆದರೂ ಅದು ಕ್ಯಾಲಿಫೋರ್ನಿಯಾದ್ದೇ ಕೌಂಟಿ.

ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅರಬ್ಬೀ ಸಮುದ್ರದ ಮೋಡ ಆಗುಂಬೆ ಘಟ್ಟಕ್ಕೆ ತಾಗಿ, ಮೇಲೇರಿ, ತಣ್ಣಗಾಗಿ ಸುರಿಯುವ ಹಾಗೆಯೇ ಶಾಂತಸಾಗರದ ಮೋಡ ಸಿಯೆರಾ ನೆವಾಡಾ ಬೆಟ್ಟಗಳಿಗೆ ತಾಗಿ ಸುರಿಯುತ್ತದೆ. ಆದರೆ ಇಲ್ಲಿ ಸುರಿಯುವುದು ಚಳಿಗಾಲದಲ್ಲಿ, ಘಟ್ಟವೂ ಆಗುಂಬೆಗಿಂತ ಸುಮಾರು ಮೂರು ಪಟ್ಟು ಎತ್ತರ. ಅದೇ ಮೋಡ 2,400 ಅಡಿಯ ಗ್ರಾಸ್ ವ್ಯಾಲಿಯಲ್ಲಿ ಹೆಚ್ಚಾಗಿ ಬರೀ ಮಳೆ. 7,200 ಅಡಿ ಮೇಲಿನ ಡಾನರ್ ಸಮ್ಮಿಟ್‌ನಲ್ಲಿ ಕಣ್ಣೆದುರಿನ ಕಾರೂ ಕಾಣದಂಥ ಹಿಮ. ಅದಕ್ಕೇ ಹೇಳುವುದು, ನಿಮ್ಮ ಮನೆಯ ಮೇಲಿನ ಆಕಾಶ ನೋಡಿ ಘಟ್ಟ ಹತ್ತಬೇಡಿ.

ಸರಾಸರಿ ಲೆಕ್ಕವನ್ನೂ ನೆಚ್ಚಬೇಡಿ. ಸೋಡಾ ಸ್ಪ್ರಿಂಗ್ಸ್‌ನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಹಿಮ ಪ್ರಯೋಗಾಲಯವಿದೆ. 1946ರಿಂದ ಹಿಮ ಅಳೆಯುತ್ತಿದ್ದಾರೆ. ವರ್ಷಕ್ಕೆ ಸರಾಸರಿ 30 ಅಡಿ ಅನ್ನುತ್ತಾರೆ. ಆದರೆ 2022-23ರಲ್ಲಿ ಬಿದ್ದದ್ದು 754 ಅಂಗುಲ, ಅಂದರೆ 60 ಅಡಿಗೂ ಮೇಲೆ. 1951-52ರಲ್ಲಿ ಅದಕ್ಕಿಂತಲೂ ಹೆಚ್ಚು. ಆ ಜನವರಿಯಲ್ಲಿ ಘಟ್ಟದ ಮೇಲೆ ಒಂದು ರೈಲು ಹಿಮದಲ್ಲಿ ಹೂತು, ಇನ್ನೂರಕ್ಕೂ ಹೆಚ್ಚು ಜನ ಮೂರು ದಿನ ಅದರೊಳಗೇ ಇದ್ದರು. 2015ರ ಏಪ್ರಿಲ್‌ನಲ್ಲಾದರೋ ರಾಜ್ಯದ ಹಿಮದ ದಾಸ್ತಾನು ವಾಡಿಕೆಯ ಶೇಕಡ 5ಕ್ಕೆ ಇಳಿದಿತ್ತು. ತಿಂಗಳ ಹೆಸರೂ ಅಷ್ಟೆ. 1846ರಲ್ಲಿ ಡಾನರ್ ತಂಡದ ವಲಸಿಗರ ದಾರಿ ಕಟ್ಟಿದ್ದು ಅಕ್ಟೋಬರ್ ಕೊನೆಯ ಹಿಮ; 2024ರಲ್ಲಿ ಐ-80 ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದು ಮಾರ್ಚ್ ಮೊದಲ ವಾರಾಂತ್ಯದಲ್ಲಿ.

ಹಿಮ ನಿಂತು ಆಕಾಶ ತಿಳಿಯಾದ ರಾತ್ರಿಯೇ ಅಪಾಯ ಕಳೆಯಿತು ಎಂದುಕೊಳ್ಳಬೇಡಿ. ಮೋಡದ ಹೊದಿಕೆ ಇಲ್ಲದಾಗ ನೆಲದ ಕಾವೆಲ್ಲ ಹಾರಿಹೋಗಿ, ಭಾರವಾದ ತಣ್ಣನೆ ಗಾಳಿ ಕಣಿವೆಗೆ ಇಳಿದು ನಿಲ್ಲುತ್ತದೆ. ಟ್ರಕಿ ಊರಿನ ಬಳಿಯ ಬೋಕಾದಲ್ಲಿ 1937ರ ಜನವರಿಯಲ್ಲಿ ಸೊನ್ನೆಗಿಂತ 45 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದಿತ್ತು. ರಾಜ್ಯದ ದಾಖಲೆ ಅದು. ಅಂಥ ರಾತ್ರಿಯ ಮರುಬೆಳಗ್ಗೆ ರಸ್ತೆ ಒದ್ದೆಯಾಗಿರುವಂತೆ ಕಾಣುತ್ತದಲ್ಲ, ಅದು ನೀರಲ್ಲ, ಕರಿ ಮಂಜುಗಡ್ಡೆ. ಸೂರ್ಯ ಮೇಲೇರಿ, ರಸ್ತೆಗೆ ಮರಳು ಬೀಳುವ ತನಕ ಕಾಫಿ ಕುಡಿಯುತ್ತಾ ಕೂತಿರಿ.

ಟೈರಿಗೆ ಕಟ್ಟುವ ಚೈನ್ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಲೇಬೇಕು. ನಾಲ್ಕು ಚಕ್ರದ ಡ್ರೈವ್ ಇದೆ, ಸ್ನೋ ಟೈರ್ ಇದೆ ಎಂದರೂ ಚೈನ್ ಡಿಕ್ಕಿಯಲ್ಲಿರಲಿ. ಆರ್-2 ಬೋರ್ಡ್ ಹಾಕಿದಾಗ ಅಂಥ ಗಾಡಿಯವರು ಚೈನ್ ಕಟ್ಟಬೇಕಿಲ್ಲ, ಆದರೆ ಜೊತೆಯಲ್ಲಿ ಇರಲೇಬೇಕು. ಆರ್-3 ಎಂದರೆ ಯಾರಿಗೂ ವಿನಾಯಿತಿ ಇಲ್ಲ. ಹೊರಡುವ ಮುಂಚೆ ಮನೆ ಮುಂದೆ, ಒಣ ನೆಲದಲ್ಲಿ ಒಂದು ಸಲ ಕಟ್ಟಿ ಬಿಚ್ಚಿ ನೋಡಿ. ಕತ್ತಲಲ್ಲಿ, ಪಕ್ಕದಲ್ಲಿ ಲಾರಿಗಳು ಕೆಸರುಹಿಮ ಎರಚುತ್ತಿರುವಾಗ, ಮರಗಟ್ಟಿದ ಬೆರಳಲ್ಲಿ ಆ ಕೊಂಡಿ ಹುಡುಕುವುದು ಕಷ್ಟ. ಗ್ಲೌಸು, ಮೊಣಕಾಲೂರಲು ಹಳೇ ಚಾಪೆ, ಟಾರ್ಚು, ಕಂಬಳಿ, ನೀರು, ಒಂದು ಡಬ್ಬಿ ತಿಂಡಿ ಇಟ್ಟುಕೊಳ್ಳಿ. ಹಿಮದಲ್ಲಿ ಸಿಕ್ಕಿಬಿದ್ದು ಹೀಟರ್ ಹಾಕುವುದಾದರೆ ಮೊದಲು ಇಳಿದು ಸೈಲೆನ್ಸರ್ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಅದು ಮುಚ್ಚಿಕೊಂಡರೆ ವಾಸನೆಯೇ ಇಲ್ಲದ ವಿಷಗಾಳಿ ಕಾರಿನೊಳಗೆ ತುಂಬುತ್ತದೆ. ಹೆದ್ದಾರಿ ಮುಚ್ಚಿದಾಗ ಫೋನಿನ ಮ್ಯಾಪು ಯಾವುದೋ ಕಾಡುದಾರಿ ತೋರಿಸಬಹುದು; ಅಲ್ಲಿ ಚಳಿಗಾಲದಲ್ಲಿ ಯಾರೂ ಹಿಮ ತೆಗೆಯುವುದಿಲ್ಲ, ಫೋನ್ ಸಿಗ್ನಲ್ಲೂ ಸಿಗದಿರಬಹುದು. ವಾಪಸ್ ಬನ್ನಿ. ಹೋಟೆಲ್ಲಿಗೆ ಕಟ್ಟಿದ ದುಡ್ಡು ಹೋದರೆ ಹೋಗಲಿ. ಊರಲ್ಲಿ ನಿಮ್ಮ ಅಪ್ಪ ಅಮ್ಮ ಕಾಯುವುದು ನಿಮ್ಮ ಫೋನಿಗಾಗಿಯೇ ಹೊರತು ನಿಮ್ಮ ಸ್ಕೀಯಿಂಗ್ ಫೋಟೋಗಳಿಗಲ್ಲ.

ಚಳಿಗಾಲಕ್ಕಿಂತ ನನಗೆ ಹೆಚ್ಚು ಚಿಂತೆ ಮೇ, ಜೂನ್ ತಿಂಗಳದ್ದು. ಆಗ ಎಲ್ಲರೂ ಸೌತ್ ಯೂಬಾ ನದಿಗೆ ಹೋಗುತ್ತೀರಿ. ಬಿಸಿಲು ಸುಡುತ್ತಿರುತ್ತದೆ, ನೀರು ಹಸಿರು ಗಾಜಿನಂತೆ ತಿಳಿ, ಬಂಡೆಗಳು ನುಣುಪು. ತುಂಗೆಯಲ್ಲಿ ಈಜಿ ಬೆಳೆದವನಿಗೂ ಧುಮುಕಬೇಕೆನಿಸುತ್ತದೆ. ಆ ನೀರು ಮೇಲಿನ ಬೆಟ್ಟದಲ್ಲಿ ಈಗಷ್ಟೇ ಕರಗಿದ ಹಿಮ. ಧುಮುಕಿದ ಕ್ಷಣ ಉಸಿರು ತಾನಾಗಿ ಒಳಕ್ಕೆಳೆಯುತ್ತದೆ. ಆಗ ಬಾಯಿ ನೀರೊಳಗಿದ್ದರೆ ಈಜು ಬಂದರೂ ಉಪಯೋಗವಿಲ್ಲ. ಕೆಲವೇ ನಿಮಿಷಕ್ಕೆ ಕೈಕಾಲು ಮಾತು ಕೇಳುವುದಿಲ್ಲ, ಸೆಳೆತವೋ ಜೋರು. ಹಿಮ ಹೆಚ್ಚು ಬಿದ್ದ ವರ್ಷ ಈ ರಭಸ ಜುಲೈವರೆಗೂ ಇರುತ್ತದೆ. ಹಾಗಾಗಿ ಕಳೆದ ಚಳಿಗಾಲ ಎಷ್ಟು ಹಿಮ ಬಿತ್ತೆಂದು ವಿಚಾರಿಸಿಕೊಂಡೇ ನದಿಗೆ ಹೋಗಿ. ಈಜಲೇಬೇಕೆಂದರೆ ಆಗಸ್ಟ್‌ವರೆಗೆ ತಡೆದುಕೊಳ್ಳಿ. ನೀರು ಇಳಿದಿರುತ್ತದೆ, ಸ್ವಲ್ಪ ಬೆಚ್ಚಗಾಗಿಯೂ ಇರುತ್ತದೆ. ಆದರೆ ಅಷ್ಟು ಹೊತ್ತಿಗೆ ತಿಂಗಳುಗಟ್ಟಲೆ ಮಳೆ ಕಾಣದ ಕಾಡು ಒಣಗಿ ನಿಂತಿರುತ್ತದೆ, ಒಂದು ಕಿಡಿಗೆ ಊರೇ ಹೊತ್ತಿಕೊಳ್ಳಬಹುದು. ದಡದಲ್ಲಿ ಒಲೆ ಹೂಡಬೇಡಿ. ಪುಳಿಯೋಗರೆ ಮನೆಯಿಂದಲೇ ಕಲೆಸಿ ತನ್ನಿ.